ಏಪ್ರಿಲ್‌ನ ಶೇಕಡಾವಾರೋ, ಜಲಾಶಯದ ಮಟ್ಟವೋ? ತುಂಗಭದ್ರೆಯ ಕೆಳಗಿನವರಿಗೆ ಮಳೆ ಮುನ್ಸೂಚನೆಗಳ ಹೋಲಿಕೆ

ಏಪ್ರಿಲ್ ಮಧ್ಯದಲ್ಲಿ ಪ್ರತಿ ವರ್ಷ ಒಂದು ಸಂಜೆ ನಮ್ಮ ನೀರು ಬಳಕೆದಾರರ ಸಹಕಾರ ಸಂಘದ ಕೋಣೆಯಲ್ಲಿ ಕೂರಲು ಜಾಗ ಇರುವುದಿಲ್ಲ. ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆಯನ್ನು ಆಗಷ್ಟೇ ಪ್ರಕಟಿಸಿರುತ್ತದೆ. ಯಾರೋ ಮೊಬೈಲ್ ನೋಡಿ ‘ಈ ಸಲ ಮಳೆ ವಾಡಿಕೆಯ ಶೇ 106 ಅಂತೆ’ ಎನ್ನುತ್ತಾರೆ. ಅವರು ಮೊಬೈಲನ್ನು ಜೇಬಿಗಿಡುವ ಮೊದಲೇ ಇನ್ನೊಬ್ಬರು ‘ಹಾಗಾದರೆ ಎರಡು ಬೆಳೆ ಖಾತ್ರಿ’ ಎಂದು ತೀರ್ಪು ಕೊಟ್ಟಾಗಿರುತ್ತದೆ. ನಮ್ಮ ಊರು ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ. ಮೇಲಿನವರು ಉಂಡು, ಕೈ ತೊಳೆದು ಉಳಿದದ್ದು ನಮಗೆ. ಆ ಶೇ 106ಕ್ಕೂ ನಮ್ಮ ತೂಬಿಗೂ ನಡುವೆ ಏನೇನಿದೆ ಎಂದು ಬರೆದಿಡತೊಡಗಿದೆ. ಈಗ ಮೂರನೆಯ ನೋಟ್‌ಬುಕ್ ನಡೆದಿದೆ.

ಮಳೆಯ ಬಗ್ಗೆ ಮೊದಲೇ ಹೇಳುವವರು ನಮಗೆ ಕಡಿಮೆಯಿಲ್ಲ. ಪಂಚಾಂಗವಿದೆ, ಮೈಲಾರದ ಕಾರ್ಣಿಕವಿದೆ, ಹವಾಮಾನ ಇಲಾಖೆಯ ಋತುಮಾನದ ಅಂದಾಜಿದೆ, ಎಲ್ ನಿನೊ ಸುದ್ದಿಯಿದೆ, ಹೊರದೇಶದ ಬಣ್ಣಬಣ್ಣದ ನಕ್ಷೆಗಳಿವೆ, ಪ್ರತಿ ಗುರುವಾರದ ನಾಲ್ಕು ವಾರಗಳ ಮುನ್ನೋಟವಿದೆ, ಕೊನೆಗೆ ಜಲಾಶಯದ ಒಳಹರಿವಿನ ಅಂಕಿಯಿದೆ. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಯಾವ ತಿಂಗಳಲ್ಲಿ, ಏನು ಮಾಡಬೇಕೆಂದು ಕೇಳುತ್ತಿದ್ದೀರಿ?

ಮೊದಲು ನಿಮ್ಮ ನೀರು ಯಾವ ಮೋಡದ್ದು ಎಂದು ತಿಳಿಯಿರಿ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರದ ಗದ್ದೆಗೆ ಹರಿಯುವ ನೀರು ನಮ್ಮ ತಲೆಯ ಮೇಲಿನ ಮೋಡದ್ದಲ್ಲ. ಅದು ಶಿವಮೊಗ್ಗ, ಚಿಕ್ಕಮಗಳೂರಿನ ಘಟ್ಟಗಳಲ್ಲಿ ಸುರಿದು, ತುಂಗೆಯಾಗಿ ಭದ್ರೆಯಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ, ಹರಿಹರ ದಾಟಿ, ವರದೆಯನ್ನೂ ಸೇರಿಸಿಕೊಂಡು, ತುಂಗಭದ್ರಾ ಜಲಾಶಯದಲ್ಲಿ ನಿಂತು ಬಂದದ್ದು. ಬಳ್ಳಾರಿ ಕಡೆಯ ಬಲದಂಡೆ ಕಾಲುವೆಗಳಿಗೂ ಇದೇ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ರಾಯಚೂರು, ಬಳ್ಳಾರಿಯಲ್ಲಿ 600ರ ಆಸುಪಾಸು. ಸಿಂಧನೂರಿನಲ್ಲಿ ಒಂದು ಹನಿ ಬೀಳದ ಜುಲೈನಲ್ಲೂ ಕಾಲುವೆ ತುಂಬಿ ಹರಿದದ್ದನ್ನು ನೋಡಿದ್ದೇವೆ. ಊರಲ್ಲಿ ಕೆಸರಾಗುವಷ್ಟು ಮಳೆ ಬಂದ ವರ್ಷ ಜಲಾಶಯ ಅರೆಹೊಟ್ಟೆಯಲ್ಲಿ ಇದ್ದದ್ದನ್ನೂ ನೋಡಿದ್ದೇವೆ.

ದೇವದುರ್ಗ, ಲಿಂಗಸುಗೂರಿನ ಕಡೆ ನಾರಾಯಣಪುರ ಬಲದಂಡೆ ಕಾಲುವೆಯವರ ಕಥೆ ಬೇರೆ. ಅವರದು ಕೃಷ್ಣೆಯ ನೀರು, ಅಂದರೆ ಮಹಾಬಲೇಶ್ವರದಿಂದ ಕೆಳಗೆ ಮಹಾರಾಷ್ಟ್ರದ ಘಟ್ಟದ ಮಳೆ. ಒಂದೇ ಜಿಲ್ಲೆಯ ಎರಡು ತಾಲ್ಲೂಕಿನವರು ಎರಡು ರಾಜ್ಯಗಳ ಆಕಾಶವನ್ನು ನೋಡಬೇಕಾದ ಸ್ಥಿತಿ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದವರಿಗೆ ಮಾತ್ರ ತಮ್ಮ ಹೊಲದ ಮೇಲಿನ ಮೋಡವೇ ಮೋಡ. ಈ ಮೂವರಿಗೂ ಒಂದೇ ಮುನ್ಸೂಚನೆ ಸಾಕು ಎನ್ನುವವರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಪಂಚಾಂಗ, ಕಾರ್ಣಿಕ, ಮಳೆ ನಕ್ಷತ್ರ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ನಂತರ ಗೊರವಯ್ಯ ಬಿಲ್ಲನ್ನೇರಿ ಒಂದು ಸಾಲು ನುಡಿಯುತ್ತಾನೆ, ‘ಪರಾಕ್’ ಎಂದು ಮುಗಿಸುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ನಾನೂ ಹಲವು ಸಲ ಆ ಧೂಳಿನಲ್ಲಿ ನಿಂತಿದ್ದೇನೆ. ಆ ಸಾಲನ್ನು ಒಬ್ಬರು ಮಳೆಗೆ ಹಚ್ಚುತ್ತಾರೆ, ಇನ್ನೊಬ್ಬರು ರಾಜಕೀಯಕ್ಕೆ, ಮತ್ತೊಬ್ಬರು ಬೆಲೆಗೆ. ವರ್ಷ ಮುಗಿದ ಮೇಲೆ ಯಾವುದಾದರೂ ಒಂದಕ್ಕೆ ಅದು ಹೊಂದಿಯೇ ಇರುತ್ತದೆ. ಭಕ್ತಿಗೆ ಅದು ಬೇಕು, ಸಸಿ ಮಡಿ ಹಾಕುವುದಕ್ಕೆ ಅದು ಬೇಡ. ಯುಗಾದಿಯಂದು ಪಂಚಾಂಗ ಓದಿ ಇಷ್ಟು ಕೊಳಗ ಮಳೆ ಎನ್ನುವುದಕ್ಕೂ ನನ್ನ ಮಾತು ಇಷ್ಟೇ.

ಮಳೆ ನಕ್ಷತ್ರಗಳನ್ನು ಮಾತ್ರ ಹಾಗೆ ಬದಿಗೆ ಸರಿಸಲಾರೆ. ಸೂರ್ಯನ ಲೆಕ್ಕದ ಮೇಲೆ ಹದಿಮೂರು–ಹದಿನಾಲ್ಕು ದಿನಗಳಿಗೊಂದರಂತೆ ಬರುವ ಈ ಪಟ್ಟಿ ಭವಿಷ್ಯ ಹೇಳುವುದಿಲ್ಲ. ತಲೆಮಾರುಗಳ ಸರಾಸರಿಯನ್ನು ಹೆಸರಿಟ್ಟು ನೆನಪಿನಲ್ಲಿ ಇಟ್ಟುಕೊಂಡ ಕ್ರಮ ಅದು. ಜುಲೈ ಮೊದಲ ವಾರದಿಂದ ಪುನರ್ವಸು, ಮೂರನೆಯ ವಾರದಿಂದ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ: ಮಲೆನಾಡಿನಲ್ಲಿ ಮಳೆ ಹಿಡಿದು ಹೊಡೆಯುವ ಕಾಲ ಇದು. ನಮ್ಮ ಎರೆಹೊಲ ತೋಯುವುದು ಹೆಚ್ಚಾಗಿ ಸೆಪ್ಟೆಂಬರಿನ ಉತ್ತರೆ, ಹಸ್ತದಲ್ಲಿ. ಅಲ್ಲಿಯ ಪುಷ್ಯ ನಮ್ಮ ಕಾಲುವೆ ತುಂಬಿಸುತ್ತದೆ, ಇಲ್ಲಿಯ ಹಸ್ತ ನಮ್ಮ ಹೊಲ ತುಂಬಿಸುತ್ತದೆ. ಇಷ್ಟು ಗೊತ್ತಿದ್ದವನಿಗೆ ಬರಿಯ ವಾಡಿಕೆಯೇ ಅರ್ಧ ಮುನ್ಸೂಚನೆ. ಬೇರೆ ಯಾವ ಮುನ್ಸೂಚನೆಗೆ ಬೆಲೆ ಕೊಡಬೇಕಾದರೂ ಅದು ಈ ಪಟ್ಟಿಗಿಂತ ಹೆಚ್ಚಿನದನ್ನು ಹೇಳಬೇಕು. ನನ್ನ ನೋಟ್‌ಬುಕ್ಕಿನ ಮೊದಲ ಅಂಕಣ ಅದಕ್ಕೇ ಮೀಸಲು: ‘ಏನೂ ಗೊತ್ತಿಲ್ಲದೆ ವಾಡಿಕೆ ಎಂದುಕೊಂಡಿದ್ದರೆ ಏನಾಗುತ್ತಿತ್ತು?’

ಏಪ್ರಿಲ್ ಮತ್ತು ಮೇ ತಿಂಗಳ ಅಧಿಕೃತ ಅಂದಾಜು

ಈ ಅಂದಾಜಿನ ಹುಟ್ಟಿಗೂ ನಮ್ಮ ನೆಲಕ್ಕೂ ನಂಟಿದೆ. 1876–78ರ ಮಹಾಕ್ಷಾಮದಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ತೀವ್ರವಾಗಿ ನಲುಗಿತ್ತು. ಆ ಕ್ಷಾಮದ ಪೆಟ್ಟಿನ ಮೇಲೆಯೇ ಸರ್ಕಾರ ಹವಾಮಾನ ಇಲಾಖೆಯ ಹೆನ್ರಿ ಬ್ಲಾನ್‌ಫೋರ್ಡರಿಗೆ ಮಳೆಯನ್ನು ಮೊದಲೇ ಹೇಳಲು ಸಾಧ್ಯವೇ ಎಂದು ಕೇಳಿತು. ಹಿಮಾಲಯದಲ್ಲಿ ಹಿಮ ಹೆಚ್ಚಾದರೆ ಮುಂಗಾರು ಸೊರಗುತ್ತದೆ ಎಂಬ ಎಣಿಕೆಯ ಮೇಲೆ 1886ರಲ್ಲಿ ಮೊದಲ ಅಧಿಕೃತ ಮುನ್ಸೂಚನೆ ಹೊರಬಂತು. ಇಂದು ಹಲವು ಗಣಕ ಮಾದರಿಗಳನ್ನು ಒಟ್ಟಿಗೆ ಓಡಿಸಿ ಏಪ್ರಿಲ್ ಮಧ್ಯದಲ್ಲಿ ಒಮ್ಮೆ, ಮೇ ಕೊನೆಯಲ್ಲಿ ಮತ್ತೊಮ್ಮೆ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೇಶದ ವಾಡಿಕೆ 87 ಸೆಂಟಿಮೀಟರ್. ಅದರ ಶೇ 96ರಿಂದ 104 ‘ಸಾಮಾನ್ಯ’, ಶೇ 90ಕ್ಕಿಂತ ಕಡಿಮೆಯಾದರೆ ‘ಕೊರತೆ’. ಏಪ್ರಿಲ್ ಅಂದಾಜಿಗೆ ಐದು ಅಂಶ, ಮೇ ಅಂದಾಜಿಗೆ ನಾಲ್ಕು ಅಂಶ ಆಚೀಚೆ ಆಗಬಹುದೆಂದು ಇಲಾಖೆಯೇ ಹೇಳುತ್ತದೆ. ಪತ್ರಿಕೆಯ ತಲೆಬರಹದಲ್ಲಿ ಆ ಸಾಲು ಬರುವುದಿಲ್ಲ.

ದಾಖಲೆ ಹೇಗಿದೆ? 2002ರಲ್ಲಿ ಸಾಮಾನ್ಯ ಎಂದಿದ್ದರು. ಜುಲೈ ಒಣಗಿಹೋಗಿ ಶೇ 19ರಷ್ಟು ಕೊರತೆಯಾಯಿತು. 2009ರಲ್ಲಿ ಏಪ್ರಿಲ್‌ಗೆ ಶೇ 96 ಎಂದರು, ಬಂದದ್ದು 78. 2015ರಲ್ಲಿ ಮೊದಲು 93, ಆಮೇಲೆ 88 ಎಂದರು, ಬಂದದ್ದು 86. ಅದು ಶಹಬ್ಬಾಸ್ ಎನ್ನಬೇಕಾದ ವರ್ಷ. ಜನ ಬೈದದ್ದೂ ಅದೇ ವರ್ಷ, ಏಕೆಂದರೆ ಕೆಟ್ಟ ಸುದ್ದಿ ತಂದವನಿಗೆ ಬೈಗುಳ ಮೊದಲು. 2019ರಲ್ಲಿ 96 ಎಂದರು, 110 ಬಂತು. 2024ರಲ್ಲಿ 106 ಎಂದರು, 108 ಬಂತು. ಒಟ್ಟಿನಲ್ಲಿ ವಿಪರೀತ ವರ್ಷಗಳಲ್ಲಿ ಕೈಕೊಟ್ಟದ್ದೂ ಇದೆ, ಇತ್ತೀಚೆಗೆ ಹತ್ತಿರಕ್ಕೆ ಬಂದದ್ದೂ ಇದೆ.

ಆದರೆ ನನಗೆ ಪಾಠ ಕಲಿಸಿದ್ದು 2023. ಆ ವರ್ಷ ಏಪ್ರಿಲ್‌ನಲ್ಲೂ ಮೇ ತಿಂಗಳಲ್ಲೂ ಶೇ 96 ಎಂದರು. ಸಂಘದಲ್ಲಿ ಎದ್ದುನಿಂತು ‘ಸಾಮಾನ್ಯ ಎಂದಿದ್ದಾರೆ, ಧೈರ್ಯವಾಗಿರಿ’ ಎಂದವನು ನಾನೇ. ನನ್ನ ಮಾತು ಕೇಳಿ ಚಿಕ್ಕಪ್ಪನ ಮಗ ಎರಡನೇ ಬೆಳೆಯ ಆಸೆಗೆ ಇನ್ನೂ ನಾಲ್ಕು ಎಕರೆ ಗುತ್ತಿಗೆ ಹಿಡಿದ. ಋತು ಮುಗಿದಾಗ ದೇಶದ ಲೆಕ್ಕ ಶೇ 94. ಅಂದರೆ ಮುನ್ಸೂಚನೆ ತಪ್ಪಿದ್ದು ಎರಡೇ ಅಂಶ. ಪರೀಕ್ಷೆಯಲ್ಲಿ ಅದಕ್ಕೆ ಮೊದಲ ದರ್ಜೆ ಕೊಡಬಹುದು. ಇತ್ತ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ದೇಶದ ಲೆಕ್ಕದಲ್ಲಿ ಆ ಆಗಸ್ಟ್ 1901ರಿಂದ ಈಚಿನ ಅತ್ಯಂತ ಒಣ ಆಗಸ್ಟ್. ಜಲಾಶಯ ತುಂಬಲಿಲ್ಲ, ಎರಡನೇ ಬೆಳೆಗೆ ನೀರು ಸಿಗಲಿಲ್ಲ. ತಮ್ಮ ಇಂದಿಗೂ ನನ್ನೆದುರು ‘ಸಾಮಾನ್ಯ’ ಎಂಬ ಶಬ್ದ ಬಂದರೆ ನಗುತ್ತಾನೆ. ಅದು ಒಳ್ಳೆಯ ನಗುವಲ್ಲ.

ಇಡೀ ದೇಶದ ಒಂದು ಸಂಖ್ಯೆಯಲ್ಲಿ ರಾಜಸ್ಥಾನದ ಮಳೆಯೂ ಇದೆ, ಒಡಿಶಾದ್ದೂ ಇದೆ. ಇಲಾಖೆ ದಕ್ಷಿಣ ಪರ್ಯಾಯ ದ್ವೀಪಕ್ಕೆ ಬೇರೆ ಅಂದಾಜು ಕೊಡುತ್ತದೆ. ಅದರಲ್ಲೂ ಆಗುಂಬೆ ಮತ್ತು ಅನಂತಪುರ ಒಂದೇ ಗುಡಾಣದಲ್ಲಿ. ಇದಕ್ಕಿಂತ ಉಪಯುಕ್ತವಾದದ್ದು ಅದರ ಜೊತೆ ಬರುವ ಬಣ್ಣದ ನಕ್ಷೆ. ಪ್ರತಿ ಪ್ರದೇಶಕ್ಕೂ ವಾಡಿಕೆಗಿಂತ ಹೆಚ್ಚು, ವಾಡಿಕೆ, ಕಡಿಮೆ ಎಂಬ ಮೂರರಲ್ಲಿ ಯಾವುದಕ್ಕೆ ಎಷ್ಟು ಸಾಧ್ಯತೆ ಎಂದು ಅದು ತೋರಿಸುತ್ತದೆ. ಏನೂ ಗೊತ್ತಿಲ್ಲದಾಗ ಮೂರಕ್ಕೂ ಶೇ 33. ನಕ್ಷೆಯಲ್ಲಿ ಘಟ್ಟದ ಮೇಲೆ ‘ಹೆಚ್ಚು’ ಎಂಬುದಕ್ಕೆ ಶೇ 45 ಎಂದಿದ್ದರೆ, ಹೆಚ್ಚು ಬರದೇ ಇರುವ ಸಾಧ್ಯತೆ ಶೇ 55 ಎಂದೇ ಅರ್ಥ. ನೀಲಿ ಬಣ್ಣ ಕಂಡ ಕೂಡಲೇ ಕುಣಿಯುವವರು ಈ ಕಳೆಯುವ ಲೆಕ್ಕ ಮಾಡುವುದಿಲ್ಲ. ನಕ್ಷೆ ನೋಡುವಾಗ ರಾಯಚೂರಿನ ಮೇಲೆ ಬೆರಳಿಡಬೇಡಿ. ಶಿವಮೊಗ್ಗ, ಚಿಕ್ಕಮಗಳೂರಿನ ಮೇಲೆ ಇಡಿ.

ಎಲ್ ನಿನೊ ಒಂದನ್ನೇ ನೆಚ್ಚಿದರೆ

ಮಧ್ಯ ಪೆಸಿಫಿಕ್ ಸಾಗರದ ಮೇಲ್ಮೈ ವಾಡಿಕೆಗಿಂತ ಅರ್ಧ ಡಿಗ್ರಿಗೂ ಹೆಚ್ಚು ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಎಲ್ ನಿನೊ, ತಣ್ಣಗಾಗಿ ಉಳಿದರೆ ಲಾ ನಿನಾ. ಮೊದಲನೆಯದು ಮುಂಗಾರನ್ನು ಕುಂದಿಸುತ್ತದೆ, ಎರಡನೆಯದು ಹೆಚ್ಚಿಸುತ್ತದೆ ಎಂಬುದು ಸಾಮಾನ್ಯ ನಡೆ. ಅಮೆರಿಕದ ಹವಾಮಾನ ಸಂಸ್ಥೆ ಪ್ರತಿ ತಿಂಗಳು ಇದರ ಸ್ಥಿತಿಗತಿ ಪ್ರಕಟಿಸುತ್ತದೆ. ಕಾಸು ಕೊಡಬೇಕಿಲ್ಲ, ಓದುವುದೂ ಸುಲಭ. ಅದಕ್ಕೇ ಈಗ ನಮ್ಮ ಚಹಾ ಅಂಗಡಿಯಲ್ಲೂ ಪೆಸಿಫಿಕ್ ಬಿಸಿಯ ಚರ್ಚೆ ನಡೆಯುತ್ತದೆ.

ಇದರ ಮಿತಿ ಎರಡು. ಕಳೆದ ಶತಮಾನದ ಅತಿ ಬಲಿಷ್ಠ ಎಲ್ ನಿನೊಗಳಲ್ಲೊಂದು 1997ರದ್ದು; ಆ ವರ್ಷ ದೇಶದಲ್ಲಿ ಮಳೆ ವಾಡಿಕೆಗಿಂತ ತುಸು ಹೆಚ್ಚೇ ಬಂತು. 2002ರದ್ದು ಸಾಧಾರಣ ಬಲದ ಎಲ್ ನಿನೊ. ಅದು ಬರ ತಂದಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬಿಸಿಯಾಗಿದ್ದರೆ ಎಲ್ ನಿನೊದ ಪೆಟ್ಟು ಎಷ್ಟೋ ಸಲ ತಗ್ಗುತ್ತದೆ. 2019ರಲ್ಲಿ ಆ ಪಶ್ಚಿಮದ ಬಿಸಿ ಜೋರಾಗಿತ್ತು. ಎರಡನೆಯ ಮಿತಿ ಕಾಲದ್ದು. ಮಾರ್ಚ್–ಏಪ್ರಿಲ್‌ನಲ್ಲಿ ಪೆಸಿಫಿಕ್ ತಾನೇ ತನ್ನ ಮುಂದಿನ ನಡೆ ತೀರ್ಮಾನಿಸಿರುವುದಿಲ್ಲ; ಆ ತಿಂಗಳುಗಳಲ್ಲಿ ಮಾಡಿದ ಎಲ್ ನಿನೊ ಅಂದಾಜುಗಳು ವರ್ಷದ ಬೇರೆ ಸಮಯದವುಗಳಿಗಿಂತ ದುರ್ಬಲ. ಜೂನ್ ದಾಟಿದ ಮೇಲೆ ಅದೇ ಅಂದಾಜು ಗಟ್ಟಿಯಾಗುತ್ತದೆ. ಹಾಗಾಗಿ ಏಪ್ರಿಲ್‌ನ ಎಲ್ ನಿನೊ ಸುದ್ದಿಗೆ ಒಂದು ಕಿವಿ, ಜುಲೈನ ಸುದ್ದಿಗೆ ಎರಡು ಕಿವಿ.

ನನ್ನ ಬಳಕೆ ಇಷ್ಟು: ಎಲ್ ನಿನೊ ಬೆಳೆಯುತ್ತಿದೆ ಎಂದಾದರೆ ಎರಡನೇ ಬೆಳೆಗಾಗಿ ಮುಂಗಡ ಸಾಲ ಮಾಡುವುದಿಲ್ಲ. ಮೊದಲ ಬೆಳೆಯನ್ನು ಅದರ ಹೆದರಿಕೆಯಿಂದ ಬಿಡುವುದೂ ಇಲ್ಲ.

ಹೊರದೇಶದ ಮಾದರಿಗಳು, ಖಾಸಗಿಯವರು

ಯುರೋಪಿನ ಮಧ್ಯಮಾವಧಿ ಹವಾಮಾನ ಕೇಂದ್ರ ಪ್ರತಿ ತಿಂಗಳೂ ಮುಂದಿನ ಏಳು ತಿಂಗಳಿನ ಅಂದಾಜು ಹೊರಡಿಸುತ್ತದೆ. ಒಂದೇ ಮಾದರಿಯನ್ನು ತುಸು ತುಸು ಬೇರೆ ಆರಂಭದಿಂದ 51 ಸಲ ಓಡಿಸಿದ ಫಲ. ಇನ್ನೂ ಹಲವು ದೇಶಗಳ ಮಾದರಿಗಳು ಉಚಿತವಾಗಿ ಸಿಗುತ್ತವೆ. ಸಮುದ್ರದ ಬಿಸಿಯನ್ನು ಇವು ಚೆನ್ನಾಗಿ ಹೇಳುತ್ತವೆ. ಘಟ್ಟದ ಮಳೆಯಲ್ಲಿ ಸೋಲುತ್ತವೆ, ಏಕೆಂದರೆ ಹತ್ತಾರು ಕಿಲೊಮೀಟರಿನ ಒಂದೊಂದು ಚೌಕದಲ್ಲಿ ಸಹ್ಯಾದ್ರಿಯ ಕಡಿದಾದ ಗೋಡೆ ಸವೆದು ದಿಬ್ಬವಾಗಿಬಿಡುತ್ತದೆ. ಆಗುಂಬೆ ಮತ್ತು ತೀರ್ಥಹಳ್ಳಿಯ ವ್ಯತ್ಯಾಸ ಗೊತ್ತಿಲ್ಲದ ಮಾದರಿಗೆ ತುಂಗೆಯ ಹರಿವು ಗೊತ್ತಾಗುವುದು ಹೇಗೆ? ಅಧಿಕೃತ ನಕ್ಷೆಯ ಜೊತೆ ಇವೆಲ್ಲ ಒಂದೇ ದಿಕ್ಕಿಗೆ ವಾಲಿದ್ದರೆ ಮಾತ್ರ ನಾನು ಗಮನಿಸುತ್ತೇನೆ. ಖಾಸಗಿ ಸಂಸ್ಥೆಗಳ ಏಪ್ರಿಲ್ ಸಂಖ್ಯೆಯೂ ಅದೇ ಸಾಗರವನ್ನು ನೋಡಿ ಬರೆದದ್ದು. ಹಣ ಕೊಟ್ಟು ಕೊಳ್ಳುವಂಥದ್ದು ನಮ್ಮಂಥ ಸಂಘಕ್ಕೆ ಅದರಲ್ಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ ‘ನಾಸಾ ಹೇಳಿದೆ’ ಬಗೆಯವುಗಳಿಗೆ ಇಲ್ಲಿ ಜಾಗ ಬೇಡ.

ಗುರುವಾರದ ನಾಲ್ಕು ವಾರಗಳು

ಮುಂಗಾರಿಗೆ ಉಸಿರಾಟವಿದೆ. ಕೆಲವು ವಾರ ಬಿಡದೆ ಸುರಿಯುತ್ತದೆ, ಕೆಲವು ವಾರ ಬಿಡುವು ಕೊಡುತ್ತದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ನೋಟ ಕೊಡುತ್ತದೆ. ಮೊದಲ ಎರಡು ವಾರಗಳನ್ನು ನಂಬಿ ಕೆಲಸ ಮಾಡಬಹುದು, ಮೂರನೆಯದನ್ನು ಅನುಮಾನದಿಂದ ನೋಡಬೇಕು, ನಾಲ್ಕನೆಯದನ್ನು ಓದಿ ಮಡಚಿಡಬೇಕು. ನಾಲ್ಕು ತಿಂಗಳ ಸಂಖ್ಯೆಗಿಂತ ಇದು ನನಗೆ ಹೆಚ್ಚು ಬೆಲೆಯದು, ಏಕೆಂದರೆ ಜುಲೈನಲ್ಲಿ ನಾವು ಮಾಡಬೇಕಾದ ತೀರ್ಮಾನ ವಾರಗಳ ಲೆಕ್ಕದ್ದು. ಬೋರ್‌ವೆಲ್ ನೀರಲ್ಲಿ ಸಸಿ ಮಡಿ ಇಂದು ಹಾಕಬೇಕೋ ಹತ್ತು ದಿನ ತಡೆಯಬೇಕೋ? ಸಸಿ ತಿಂಗಳಾಗುವ ಹೊತ್ತಿಗೆ ಕಾಲುವೆ ನೀರು ಕೊನೆಯ ಭಾಗಕ್ಕೆ ಮುಟ್ಟದಿದ್ದರೆ ಮಡಿಯಲ್ಲೇ ಬಲಿತು ಹಾಳು.

2019ರಲ್ಲಿ ಇದರ ಬೆಲೆ ಗೊತ್ತಾಯಿತು. ಆ ವರ್ಷದ ಜೂನ್‌ನಲ್ಲಿ ದೇಶದಲ್ಲಿ ಮೂರನೆಯ ಒಂದು ಪಾಲು ಮಳೆ ಕಡಿಮೆ. ಜುಲೈ ಕಳೆದರೂ ಜಲಾಶಯದಲ್ಲಿ ಹೇಳಿಕೊಳ್ಳುವಂಥ ನೀರಿಲ್ಲ. ನಮ್ಮಲ್ಲಿ ಹಲವರು ಮಡಿ ಹಾಕುವುದನ್ನು ಕೈಬಿಟ್ಟು ಹತ್ತಿ, ಜೋಳದ ಕಡೆ ಹೊರಟರು. ಆಗಸ್ಟ್ ಮೊದಲ ವಾರಕ್ಕೆ ಘಟ್ಟದಲ್ಲಿ ಆಕಾಶವೇ ಹರಿದು ಬಿತ್ತು. ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿತು, ಜಲಾಶಯ ದಿನಗಳ ಲೆಕ್ಕದಲ್ಲಿ ತುಂಬಿ ನದಿಗೆ ನೀರು ಬಿಟ್ಟರು. ಏಪ್ರಿಲ್‌ನ ಯಾವ ಶೇಕಡಾವಾರೂ ಈ ತಿರುವನ್ನು ಹೇಳಲು ಸಾಧ್ಯವಿರಲಿಲ್ಲ.

ಇದರಲ್ಲೊಂದು ತೊಡಕಿದೆ, ಹುಷಾರಾಗಿರಬೇಕು. ಮುಂಗಾರು ಬಿಡುವು ಕೊಟ್ಟ ವಾರಗಳಲ್ಲಿ ಘಟ್ಟದಲ್ಲಿ ಮಳೆ ಇಳಿದು, ನಮ್ಮ ಒಳನಾಡಿನಲ್ಲಿ ಕೆಲವೊಮ್ಮೆ ಸಂಜೆ ಗುಡುಗು ಮಳೆ ಹೆಚ್ಚುತ್ತದೆ. ಅಂಗಳ ತೋಯ್ದವನಿಗೆ ಸಂತೋಷ. ಅದೇ ಹೊತ್ತಿನಲ್ಲಿ ಒಳಹರಿವು ಕುಸಿಯುತ್ತಿರುತ್ತದೆ. ಒಣಬೇಸಾಯದವರು ಮಾತ್ರ ಆ ಗುಡುಗಿಗೆ ಕೈಮುಗಿಯಬಹುದು. ಅವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳು, ‘ವರುಣ ಮಿತ್ರ’ ಸಹಾಯವಾಣಿ, ‘ಮೇಘದೂತ’ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಸಲಹೆ: ಇವು ಸಾಕು. ಯಲಬುರ್ಗಾದಲ್ಲಿ ಸಜ್ಜೆ ಬಿತ್ತುವವನಿಗೆ ಪೆಸಿಫಿಕ್‌ಗಿಂತ ಮುಂದಿನ ಐದು ದಿನ ಮುಖ್ಯ.

ಜಲಾಶಯದ ಲೆಕ್ಕ: ನನ್ನ ಆಯ್ಕೆ

ಮುನ್ಸೂಚನೆ ಎಂದು ಯಾರೂ ಕರೆಯದ, ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮುನ್ಸೂಚನೆ ಇದು. ಒಂದು ಗಣಿತ ಬಾಯಿಪಾಠ ಮಾಡಿಕೊಳ್ಳಿ: ದಿನವಿಡೀ 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಒಳಹರಿವು ಇದ್ದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಪತ್ರಿಕೆಯಲ್ಲಿ ಒಳಹರಿವು 46,000 ಎಂದಿದ್ದರೆ ದಿನಕ್ಕೆ ನಾಲ್ಕು ಟಿಎಂಸಿ. ಎಡದಂಡೆ ಮುಖ್ಯ ಕಾಲುವೆಗೆ 4,100 ಕ್ಯೂಸೆಕ್ ಬಿಟ್ಟರೆ ಮೂರು ದಿನಕ್ಕೆ ಒಂದು ಟಿಎಂಸಿಗಿಂತ ತುಸು ಹೆಚ್ಚು, ತಿಂಗಳಿಗೆ ಹತ್ತೂವರೆ. ಬೇಸಿಗೆ ಭತ್ತಕ್ಕೆ 120 ದಿನ ಇದೇ ಪ್ರಮಾಣದಲ್ಲಿ ಬಿಡಬೇಕಾದರೆ 42 ಟಿಎಂಸಿ, ಅದೂ ಎಡದಂಡೆಯೊಂದಕ್ಕೇ. ಬಲದಂಡೆ, ಆಂಧ್ರ ಮತ್ತು ತೆಲಂಗಾಣದ ಪಾಲು, ಕುಡಿಯುವ ನೀರು, ಬಿಸಿಲಿಗೆ ಆವಿಯಾಗುವುದು ಎಲ್ಲವೂ ಅದರ ಮೇಲೆ. ನವೆಂಬರಿನಲ್ಲಿ ನೀರಾವರಿ ಸಲಹಾ ಸಮಿತಿ ಸೇರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಇರುವ ನೀರು ಕಣ್ಣೆದುರು ಇರುತ್ತದೆ. ಎರಡನೇ ಬೆಳೆಯ ಪ್ರಶ್ನೆಗೆ ಆಗ ಬೇಕಾದದ್ದು ಕೂಡಿ ಕಳೆಯುವುದು ಮಾತ್ರ. ಏಪ್ರಿಲ್‌ನಲ್ಲೇ ಆ ಪ್ರಶ್ನೆಗೆ ಉತ್ತರ ಹೇಳುವವನು ಕಾರ್ಣಿಕ ನುಡಿದಂತೆ.

ಜುಲೈಗೆ ಈ ಲೆಕ್ಕವನ್ನು ತುಸು ಮುಂದಕ್ಕೆ ಚಾಚಬೇಕು. ಇಲ್ಲಿ ಮೇಲಿನ ಅಣೆಕಟ್ಟೆಗಳು ನಮ್ಮ ಕಣ್ಣು. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಸುಮಾರು ಮೂರು ಟಿಎಂಸಿ; ಘಟ್ಟದಲ್ಲಿ ನಾಲ್ಕು ದಿನ ಮಳೆ ಹಿಡಿದರೆ ತುಂಬಿ ಗೇಟು ತೆರೆಯುತ್ತದೆ. ನಮ್ಮ ಮೊದಲ ನೀರು ಹೆಚ್ಚಾಗಿ ಅದೇ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿಯದು, ಅದು ತುಂಬುವವರೆಗೆ ಭದ್ರೆ ನಮಗೆ ಬಿಗಿಮುಷ್ಟಿ. ಹಾಗಾಗಿ ಜುಲೈ ಆರಂಭದಲ್ಲಿ ಭದ್ರೆಯ ಮಟ್ಟ ಅದರ ಪೂರ್ಣ ಮಟ್ಟವಾದ 186 ಅಡಿಗೆ ಎಷ್ಟು ಹತ್ತಿರವಿದೆ ಎಂದು ನೋಡುತ್ತೇನೆ. ಹಿಂದಿನ ವರ್ಷದ ನೀರು ಅಲ್ಲಿ ಉಳಿದಿದ್ದರೆ ಸಾಧಾರಣ ಮಳೆಯಲ್ಲೂ ನಮಗೆ ಬೇಗ ನೀರು; ಅದು ಬರಿದಾಗಿದ್ದರೆ ಒಳ್ಳೆಯ ಮಳೆಯಲ್ಲೂ ತಡ. ಯಾವ ಉಪಗ್ರಹ ನಕ್ಷೆಯೂ ಇದನ್ನು ತೋರಿಸುವುದಿಲ್ಲ. ದಿನಪತ್ರಿಕೆಯ ಮೂಲೆಯಲ್ಲಿರುವ ಜಲಾಶಯಗಳ ಪಟ್ಟಿ ತೋರಿಸುತ್ತದೆ.

ತಜ್ಞರು ಇದನ್ನೇ ಇನ್ನೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಇವತ್ತಿನ ನೀರಿನ ಮಟ್ಟದಿಂದ ಹೊರಟು, ಹಿಂದಿನ ಮೂವತ್ತು ವರ್ಷಗಳ ಮಳೆಯನ್ನು ಒಂದೊಂದಾಗಿ ಸುರಿಸಿ ನೋಡಿದರೆ ಮೂವತ್ತು ಉತ್ತರಗಳು ಬರುತ್ತವೆ. ಅವುಗಳಲ್ಲಿ ಎಷ್ಟು ಸಲ ನೀರು ಸಾಕಾಯಿತು ಎಂಬುದೇ ಸಾಧ್ಯತೆ. ನಮ್ಮ ಸಂಘದಲ್ಲಿ ಇದರ ಬಡವರ ಆವೃತ್ತಿ ಇದೆ: ಇದೇ ದಿನ ಜಲಾಶಯದಲ್ಲಿ ಹೆಚ್ಚುಕಡಿಮೆ ಇಷ್ಟೇ ನೀರಿದ್ದ ಹಿಂದಿನ ವರ್ಷಗಳನ್ನು ಹುಡುಕಿ, ಆ ವರ್ಷಗಳಲ್ಲಿ ಕೊನೆಯ ಭಾಗಕ್ಕೆ ಯಾವಾಗ ನೀರು ಬಂತು ಎಂದು ನೋಡುವುದು. ಎಲ್ ನಿನೊ ಗಟ್ಟಿಯಾದ ವರ್ಷವಾದರೆ ಒದ್ದೆ ವರ್ಷಗಳಿಗೆ ತೂಕ ಕಡಿಮೆ ಮಾಡುತ್ತೇನೆ. ತುಂಗಭದ್ರಾ ಮಂಡಳಿ ಜೂನ್‌ನಿಂದ ಮೇವರೆಗಿನ ಜಲವರ್ಷಕ್ಕೆ ಮಾಡುವ ವರ್ಕಿಂಗ್ ಟೇಬಲ್ ಎಂಬುದೂ ಬರಬಹುದಾದ ನೀರನ್ನು ಅಂದಾಜು ಮಾಡಿ ರಾಜ್ಯಗಳಿಗೆ ಪಾಲು ಹಾಕುವ ಪಟ್ಟಿಯೇ.

ಹಳೆಯ ವರ್ಷಗಳನ್ನು ನಂಬುವಾಗ ಒಂದು ಎಚ್ಚರ. 1953ರ ಹೊತ್ತಿಗೆ 133 ಟಿಎಂಸಿ ಹಿಡಿಯುವಂತೆ ಕಟ್ಟಿದ ಜಲಾಶಯ ಹೂಳು ತುಂಬಿ ಈಗ ಹಿಡಿಯುವುದು 105.79. ಮೇಲ್ಭಾಗದಲ್ಲಿ ತುಂಗಾ ಮೇಲ್ದಂಡೆ, ಸಿಂಗಟಾಲೂರು ಮುಂತಾದ ಯೋಜನೆಗಳು ನೀರೆತ್ತುತ್ತಿವೆ. ಅರವತ್ತರ, ಎಪ್ಪತ್ತರ ದಶಕದ ಒಳಹರಿವಿನ ಸರಾಸರಿಯನ್ನು ಹಿಡಿದು ‘ಇಷ್ಟು ಬಂದೇ ಬರುತ್ತದೆ’ ಎನ್ನುವುದು ಅಜ್ಜನ ಕಾಲದ ಬೆಲೆಯಲ್ಲಿ ಸಂತೆ ಮಾಡಲು ಹೊರಟಂತೆ. ನಾನು 2000ಕ್ಕೆ ಹಿಂದಿನದನ್ನು ನೋಡುವುದನ್ನೇ ಬಿಟ್ಟಿದ್ದೇನೆ. ಇನ್ನೊಂದು ವಿಷಯವಿದೆ, ಹೇಳಿದರೆ ಮೇಲ್ಭಾಗದ ನೆಂಟರು ಮುನಿಸಿಕೊಳ್ಳುತ್ತಾರೆ: ಈ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಿನ ಭಾಗಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳ ಲೆಕ್ಕದಲ್ಲಿ. ತಲೆಯ ಭಾಗವೆಲ್ಲ ಭತ್ತವಾದ ಮೇಲೆ, ಮುನ್ಸೂಚನೆ ಎಷ್ಟೇ ಸರಿಯಾದರೂ ನಮ್ಮ ತೂಬಿನ ನೀರು ಮಳೆಗಿಂತ ಹೆಚ್ಚಾಗಿ ಮೇಲಿನವರ ಗದ್ದೆಯ ಬದುವಿನ ಮೇಲೆ ನಿಂತಿದೆ.

ಗೇಟಿನ ಮೇಲೂ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ವರ್ಷದ ಶೇ 106ರ ಮುನ್ಸೂಚನೆ ನಿಜವಾದದ್ದರಿಂದ, ಹೋದ ನೀರು ಮತ್ತೆ ಬಂತು, ನಮ್ಮ ಪುಣ್ಯ. 2025ರಲ್ಲೂ ವಾಡಿಕೆಗಿಂತ ಹೆಚ್ಚು ಮಳೆ ಎಂದರು, ಹೆಚ್ಚೇ ಬಂತು. ಆದರೆ ಗೇಟುಗಳ ಸ್ಥಿತಿ ನೋಡಿ ಜಲಾಶಯದಲ್ಲಿ 80 ಟಿಎಂಸಿಗಷ್ಟೇ ಸಂಗ್ರಹ ಮಿತಿಗೊಳಿಸಿದರು, 33 ಗೇಟುಗಳನ್ನು ಬದಲಿಸಲೆಂದು ಎರಡನೇ ಬೆಳೆಗೆ ನೀರಿಲ್ಲ ಎಂದರು. ಒಳ್ಳೆಯ ಮಳೆ, ಸರಿಯಾದ ಮುನ್ಸೂಚನೆ, ಬೇಸಿಗೆಯಲ್ಲಿ ಒಣ ಗದ್ದೆ.

ಯಾರಿಗೆ ಯಾವುದು

ಕಾಲುವೆಯ ತಲೆಯ ಭಾಗದವರಿಗೆ ಮೊದಲ ಬೆಳೆಗೆ ಯಾವ ಮುನ್ಸೂಚನೆಯೂ ಅಷ್ಟಾಗಿ ಬೇಕಿಲ್ಲ. ನೀರು ಬಿಟ್ಟ ದಿನವೇ ಅವರದು. ಕೊನೆಯ ಭಾಗದವರು ಜುಲೈನಲ್ಲಿ ಗಾಜನೂರು ಮತ್ತು ಭದ್ರೆ, ಗುರುವಾರದ ಮೊದಲ ಎರಡು ವಾರ, ಕಾಲುವೆಯ ಗೇಜ್ ಇಷ್ಟನ್ನು ನೋಡಿ ಮಡಿ ಹಾಕಲಿ. ನವೆಂಬರಿನವರೆಗೆ ಎರಡನೇ ಬೆಳೆಯ ಮಾತನ್ನೇ ಎತ್ತದಿರಲಿ. ತಪ್ಪಿದರೆ ಮಡಿಯ ಬೀಜ ಮಾತ್ರ ಹೋಗುತ್ತದೆ ಎನ್ನುವಂಥ ಸಣ್ಣ ಪಣಕ್ಕೆ ದುರ್ಬಲ ಮುನ್ಸೂಚನೆಯೂ ನಡೆಯುತ್ತದೆ. ವರ್ಷದ ಗುತ್ತಿಗೆ, ಬಂಗಾರ ಅಡವಿಟ್ಟ ಸಾಲದಂಥ ಪಣಕ್ಕೆ ಏಪ್ರಿಲ್‌ನ ಯಾವ ಸಂಖ್ಯೆಯೂ ಸಾಲದು. ಕೃಷ್ಣೆಯ ಕಡೆಯವರು ಇದನ್ನೇ ಕೊಯ್ನಾ, ಆಲಮಟ್ಟಿ ಎಂದು ಓದಿಕೊಳ್ಳಬಹುದು.

ಊರಿಗೆ ಕುಡಿಯುವ ನೀರು ಕೊಡುವವರ ಆಯ್ಕೆ ಬೇರೆಯೇ ಆಗಬೇಕು. ಬಳ್ಳಾರಿಯ ಅಲ್ಲೀಪುರ, ಮೋಕಾ ಕೆರೆಗಳಿಗೂ, ರಾಯಚೂರಿನ ರಾಂಪುರ ಕೆರೆಗೂ ನೀರು ಬರುವುದು ಕಾಲುವೆಯಿಂದ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ತುಂಬಿಟ್ಟದ್ದಷ್ಟೇ ಗತಿ. ಕೇರಳಕ್ಕೆ ಮುಂಗಾರು ಜೂನ್ 1ಕ್ಕೆ ಮುಟ್ಟುವುದು ವಾಡಿಕೆ. 2023ರಲ್ಲಿ ಮುಟ್ಟಿದ್ದು ಜೂನ್ 8ಕ್ಕೆ. ಅಲ್ಲಿಂದ ಘಟ್ಟ ನೆನೆದು, ಭದ್ರೆ ಬಾಯಾರಿಕೆ ತೀರಿಸಿಕೊಂಡು, ಜಲಾಶಯ ಏರಿ, ಸಮಿತಿ ಸೇರಿ, ಕಾಲುವೆಗೆ ನೀರು ಬಿಟ್ಟು, ಅದು ಗಣೇಕಲ್ ಸಮತೋಲನ ಜಲಾಶಯ ಮುಟ್ಟುವ ಹೊತ್ತಿಗೆ ಜುಲೈ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಮೇ ತಿಂಗಳ ಅಂದಾಜು ಶೇ 110 ಎಂದು ಬಂದಿದ್ದರೂ ಆಗಸ್ಟ್ ಮೊದಲ ವಾರದವರೆಗಿನ ನೀರು ಕಾಲುವೆ ಬಂದ್ ಆಗುವ ಮೊದಲೇ ಕೆರೆಯಲ್ಲಿರಬೇಕು. ಇದಕ್ಕೆ ಹವಾಮಾನ ತಜ್ಞರು ಬೇಕಿಲ್ಲ. ಮಾರ್ಚ್‌ನಲ್ಲಿ ಕೆರೆಯ ಅಳತೆಗೋಲು ಓದುವ ಒಬ್ಬ ಮನುಷ್ಯ, ಆ ಅಂಕಿಯನ್ನು ದಿನಬಳಕೆಯಿಂದ ಭಾಗಿಸಲು ಒಂದು ತುಂಡು ಕಾಗದ ಸಾಕು.